ಪದರದ ಕಬ್ಬಿಣ, ಮುದ್ದೆ ಕಬ್ಬಿಣ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಕೆಡವದೆ ಉಳಿದಿರುವ ಹಳೆಯ ಮನೆಗಳ ಕಿಟಕಿಗಳಲ್ಲಿ ಬೆಸುಗೆ ಕಾಣುವುದು ಅಪರೂಪ. ಮರದ ಚೌಕಟ್ಟಿಗೆ ತೂತು ಕೊರೆದು ಕಬ್ಬಿಣದ ಸರಳು ಇಳಿಸಿದ್ದಾರೆ. ನಡುಮಟ್ಟದಲ್ಲಿ ಅಡ್ಡಕ್ಕೊಂದು ಚಪ್ಪಟೆ ಪಟ್ಟಿ, ಅದಕ್ಕೂ ತೂತು, ಸರಳು ಅದರ ಮೂಲಕ ಹಾದುಹೋಗುತ್ತದೆ. ಅದೇ ಕಾಲದ ಗೇಟುಗಳಲ್ಲಿ ಪಟ್ಟಿಗೆ ಪಟ್ಟಿ ಕೂಡಿಸಿರುವುದು ರಿವೆಟ್ಟಿನಿಂದ. ಚಾಮರಾಜಪೇಟೆಗೆ ಗೆರೆ ಎಳೆದದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಹರಿದುಬಂದದ್ದು 1898ರ ಪ್ಲೇಗಿನ ಭಯದಲ್ಲಿ. ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ತಲುಪಿದ್ದು 1905ರ ಆಗಸ್ಟಿನಲ್ಲಿ. ಮೊದಲ ಮನೆಗಳು ಎದ್ದಾಗ ವಿದ್ಯುತ್ ಬೆಸುಗೆಗೆ ಬೇಕಾದ ವಿದ್ಯುತ್ತೇ ಊರಿನಲ್ಲಿ ಇರಲಿಲ್ಲ. ಮುಂದೆ ಅದೇ ಬೀದಿಗಳಲ್ಲಿ ಕಟ್ಟಿದ ಮನೆಗಳಿಗೆ ಬಂದದ್ದು ವೆಲ್ಡಿಂಗ್ ಗ್ರಿಲ್ಲು, ವೆಲ್ಡಿಂಗ್ ಗೇಟು, ವೆಲ್ಡಿಂಗ್ ಮೆಟ್ಟಿಲು. ಈ ಬದಲಾವಣೆಯನ್ನು ವಿವರಿಸುವವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: ಕೆಲಸ ಬೇಗ ಆಯಿತು, ಖರ್ಚು ಇಳಿಯಿತು. ಎರಡೂ ನಿಜ. ಆದರೆ ಇದರ ಜೊತೆಗೆ ಆದ ಮೂರನೆಯ ಬದಲಾವಣೆಯನ್ನು ನಮ್ಮ ಕಸುಬಿನ ಚರಿತ್ರೆ ಬರೆದವರು ಗಮನಿಸಿದಂತಿಲ್ಲ. ವೆಲ್ಡಿಂಗ್ ಬಂದ ಮೇಲೆ ಕಬ್ಬಿಣದ ದಪ್ಪಕ್ಕೂ ಬಾಳಿಕೆಗೂ ಇದ್ದ ಹಳೆಯ ಲೆಕ್ಕ ತಪ್ಪಿತು. ಅಲುಗಾಡುವ, ದಿನವೂ ಭಾರ ಹೊತ್ತು ಇಳಿಸುವ ವಸ್ತುಗಳಲ್ಲಿ ದಪ್ಪ ಹೆಚ್ಚಿಸಿದಷ್ಟು ಆಯುಷ್ಯ ಹೆಚ್ಚುವುದಿಲ್ಲ. ಕೆಲವು ಕಡೆ ದಪ್ಪದಿಂದಲೇ ಆಯುಷ್ಯ ಕಡಿಮೆಯಾಗುತ್ತದೆ.

ಕಮ್ಮಾರನಿಗೆ ಬೆಸುಗೆ ಗೊತ್ತಿರಲಿಲ್ಲ ಎಂದಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ತೊಡಿಸುವ ಕಬ್ಬಿಣದ ಪಟ್ಟಿಯ ಎರಡು ತುದಿಗಳನ್ನು ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಒಂದರ ಮೇಲೊಂದು ಇಟ್ಟು ಸುತ್ತಿಗೆಯಿಂದ ಬಡಿದು ಒಂದು ಮಾಡುವುದು ಅವನ ನಿತ್ಯದ ಕೆಲಸ. ಆ ಕೂಡಿಕೆಯ ಒಂದು ಗುಣ ಮುಂದಿನ ಮಾತಿಗೆ ಬೇಕು: ಬಡಿದು ಬಡಿದು ಮಟ್ಟವಾದ ಮೇಲೆ ಅಲ್ಲಿ ಉಬ್ಬು ಉಳಿಯುತ್ತಿರಲಿಲ್ಲ, ಮೂಲೆ ಉಳಿಯುತ್ತಿರಲಿಲ್ಲ. ಇನ್ನು ಭಾರ ಹೆಚ್ಚು ಬೀಳುವ ಕಡೆ ಅವನು ದಪ್ಪದ ಒಂದೇ ತುಂಡನ್ನು ಇಡುತ್ತಿರಲಿಲ್ಲ, ಪದರ ಹಾಕುತ್ತಿದ್ದ. ಪೇಟೆಯಿಂದ ಬಡಾವಣೆಗಳಿಗೆ ಜನರನ್ನು ಸಾಗಿಸುತ್ತಿದ್ದ ಜಟಕಾ ಗಾಡಿಯ ಸ್ಪ್ರಿಂಗು ಇದಕ್ಕೆ ಒಳ್ಳೆಯ ಸಾಕ್ಷಿ. ತೆಳುವಾದ ಉಕ್ಕಿನ ಪಟ್ಟಿಗಳು, ಉದ್ದದ್ದು ಒಂದು, ಅದಕ್ಕಿಂತ ಗಿಡ್ಡದ್ದು ಇನ್ನೊಂದು, ಹೀಗೆ ಒಂದರ ಮೇಲೊಂದು ಸೇರಿಸಿ ನಡುವೆ ಬಿಗಿದದ್ದು. ಜಟಕಾ ಹೋಗಿ ಲಾರಿ ಬಂತು, ಸ್ಪ್ರಿಂಗು ಹಾಗೇ ಉಳಿಯಿತು. ಕಲಾಸಿಪಾಳ್ಯದ ಗ್ಯಾರೇಜುಗಳಲ್ಲಿ ಪಾಟಾ ಎನ್ನುವುದು ಇದನ್ನೇ.

ಪಾಟಾವನ್ನು ಪದರವಾಗಿ ಏಕೆ ಕಟ್ಟಬೇಕು? ಅಷ್ಟೇ ದಪ್ಪದ ಒಂದೇ ಉಕ್ಕಿನ ತುಂಡು ಸಾಲದೆ? ಲೆಕ್ಕ ಕಠಿಣವಲ್ಲ. ಒಂದು ಪಟ್ಟಿಯನ್ನು ಇಷ್ಟೇ ಬಾಗಬೇಕು ಎಂದು ಬಾಗಿಸಿದರೆ ಅದರ ಮೇಲ್ಮೈಯಲ್ಲಿ ಏಳುವ ಎಳೆತ ಪಟ್ಟಿಯ ದಪ್ಪಕ್ಕೆ ಸರಿಯಾಗಿ ಏರುತ್ತದೆ. ಎಂಟು ಪಟ್ಟಿಗಳ ಕಟ್ಟನ್ನೂ ಅಷ್ಟೇ ದಪ್ಪದ ಒಂದು ಮುದ್ದೆಯನ್ನೂ ಒಂದೇ ಪ್ರಮಾಣದಲ್ಲಿ ಬಾಗಿಸಿದರೆ ಮುದ್ದೆಯ ಮೇಲ್ಮೈ ಅನುಭವಿಸುವ ಎಳೆತ ಎಂಟು ಪಟ್ಟು. ರಸ್ತೆಯ ಗುಂಡಿ ಗಾಡಿಗೆ ಬಲವನ್ನು ಕೊಡುವುದಕ್ಕಿಂತ ಹೆಚ್ಚಾಗಿ ಬಾಗನ್ನು ಕೊಡುತ್ತದೆ: ಚಕ್ರ ಇಷ್ಟು ಇಳಿಯಲೇಬೇಕು, ಇಷ್ಟು ಏಳಲೇಬೇಕು. ಅಂಥ ಕಡೆ ತೆಳುವೇ ಗೆಲ್ಲುತ್ತದೆ. ಪದರಕ್ಕೆ ಇನ್ನೊಂದು ಲಾಭವೂ ಇದೆ. ಒಂದು ಪಟ್ಟಿ ಬಿರುಕು ಬಿಟ್ಟರೆ ಬಿರುಕು ಆ ಪಟ್ಟಿಯಲ್ಲೇ ನಿಲ್ಲುತ್ತದೆ. ಪಕ್ಕದ ಪಟ್ಟಿಗೆ ದಾಟಲು ಅದಕ್ಕೆ ಸೇತುವೆಯಿಲ್ಲ. ಗಾಡಿ ಒಂದು ಕಡೆಗೆ ವಾಲುತ್ತದೆ, ಚಾಲಕನಿಗೆ ತಿಳಿಯುತ್ತದೆ, ಪಟ್ಟಿ ಬದಲಾಗುತ್ತದೆ.

ರಿವೆಟ್ ಕೆಲಸದಲ್ಲೂ ಇದೇ ರೀತಿ. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಓಡತೊಡಗಿದ ಕಾಲ ಪ್ರಪಂಚದಾದ್ಯಂತ ರಿವೆಟ್ ಸೇತುವೆಗಳ ಕಾಲ. ಆಗಿನ ಉಕ್ಕಿನ ತೊಲೆಯ ಮೇಲಂಚಿಗೂ ಕೆಳಂಚಿಗೂ ಹೆಚ್ಚು ಲೋಹ ಬೇಕಾದಾಗ ಒಂದರ ಮೇಲೊಂದು ತಗಡು ಹೊದಿಸಿ ರಿವೆಟ್ ಹೊಡೆಯುತ್ತಿದ್ದರು. ತೊಲೆಯ ಅಂಚು ನೋಡಲು ದಪ್ಪ, ಒಳಗೆ ಪುಸ್ತಕದಂತೆ ಹಾಳೆಹಾಳೆ. ರಿವೆಟ್ಟಿನ ತೂತು ತಾನೇ ಒಂದು ದುರ್ಬಲ ಜಾಗ, ಅಲ್ಲಿಂದ ಬಿರುಕು ಹುಟ್ಟುತ್ತಿತ್ತು, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹುಟ್ಟಿದ ಬಿರುಕು ಒಂದು ಹಾಳೆಯನ್ನು ತಿಂದು ಮುಗಿಸಿ ನಿಲ್ಲುತ್ತಿತ್ತು. ಮುಂದಿನ ಹಾಳೆಯಲ್ಲಿ ಹೊಸದಾಗಿ ಹುಟ್ಟಬೇಕು. ಈ ನಡುವಿನ ಅವಧಿಯಲ್ಲಿ ಪರೀಕ್ಷಿಸುವವನ ಕಣ್ಣಿಗೆ ಬೀಳುವ ಅವಕಾಶವಿತ್ತು.

ವಿದ್ಯುತ್ ಬೆಸುಗೆ ಈ ಗಡಿಗಳನ್ನೆಲ್ಲ ಅಳಿಸಿತು. ಕರಗಿದ ಲೋಹ ಎರಡು ತಗಡುಗಳ ನಡುವೆ ತುಂಬಿ ಆರಿದರೆ ಅವು ಎರಡಲ್ಲ, ಒಂದು. ಬಿರುಕಿಗೆ ಇನ್ನು ತಡೆಯಿಲ್ಲ. ಜೊತೆಗೆ ಕಮ್ಮಾರನ ಕೂಡಿಕೆಯಲ್ಲಿ ಇಲ್ಲದ ಒಂದು ಜಾಗ ಹೊಸದಾಗಿ ಹುಟ್ಟಿತು: ಬೆಸುಗೆಯ ಉಬ್ಬು ಮುಗಿದು ತಗಡು ಶುರುವಾಗುವ ಅಂಚು. ಬರಿಗಣ್ಣಿಗೆ ಅದು ಒಂದು ಗೆರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಕಿಟ್ಟದ ಸಣ್ಣ ಚೂರುಗಳು ಒಳಸೇರಿರುತ್ತವೆ, ತಗಡು ಒಂದಿಷ್ಟು ಕೊರೆದುಹೋಗಿರುತ್ತದೆ. ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ಆಳದ ಗಾಯಗಳು. ಸುತ್ತಲಿನ ಲೋಹ ಆರುವಾಗ ಕುಗ್ಗಿ ಆ ಜಾಗವನ್ನು ಮೊದಲೇ ಎಳೆದು ಹಿಡಿದಿರುತ್ತದೆ. ಹಾಗಾಗಿ ಬೆಸುಗೆ ಹಾಕಿದ ಕೂಡಿಕೆಯಲ್ಲಿ ಬಿರುಕು ಹೊಸದಾಗಿ ಹುಟ್ಟಬೇಕಾಗಿಲ್ಲ, ಅದರ ಬೀಜ ಕಾರ್ಖಾನೆಯಿಂದಲೇ ಬಂದಿರುತ್ತದೆ. ಉಳಿದದ್ದು ಆ ಬಿರುಕು ಬೆಳೆಯುವ ಕಾಲ ಮಾತ್ರ. ಹೆಚ್ಚು ಬೆಲೆಯ ಗಟ್ಟಿ ಉಕ್ಕು ತಂದು ಬೆಸೆದರೂ ಈ ಆಯುಷ್ಯ ಹೆಚ್ಚುವುದಿಲ್ಲ ಎಂಬುದು ಇದರಿಂದಲೇ. ಬಿರುಕು ಬೆಳೆಯುವ ವೇಗ ಸಾದಾ ಉಕ್ಕಿನಲ್ಲೂ ಗಟ್ಟಿ ಉಕ್ಕಿನಲ್ಲೂ ಹೆಚ್ಚುಕಡಿಮೆ ಒಂದೇ.

ಮತ್ತೆ ಮತ್ತೆ ಬೀಳುವ ಭಾರಕ್ಕೆ ಲೋಹ ದಣಿಯುತ್ತದೆ ಎಂಬ ಅರಿವು ಬೆಸುಗೆಗಿಂತ ಹಳೆಯದು. 1842ರ ಮೇ ತಿಂಗಳಲ್ಲಿ ವರ್ಸೇಲ್ಸಿನಿಂದ ಪ್ಯಾರಿಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್ ವೋಲರ್ ಎಂಬ ಜರ್ಮನ್ ಎಂಜಿನಿಯರ್ ರೈಲಿನ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಮುರಿದು, 1870ರ ಹೊತ್ತಿಗೆ ಒಂದು ನಿಯಮವನ್ನು ಕೊಟ್ಟ: ಒಂದೇ ಸಲಕ್ಕೆ ಮುರಿಯಲಾಗದ ಭಾರವೂ ಲಕ್ಷಾಂತರ ಸಲ ಬಿದ್ದರೆ ಮುರಿಯುತ್ತದೆ. ಇಷ್ಟು ಗೊತ್ತಿದ್ದರೂ ಬೆಸುಗೆಯ ದಪ್ಪದ ಪ್ರಶ್ನೆ ಇನ್ನೂ ನೂರು ವರ್ಷ ಎದ್ದುಬರಲಿಲ್ಲ. ಅದರ ಕಾರಣ ಸ್ವಾರಸ್ಯಕರ, ಸ್ವಲ್ಪ ಮುಜುಗರದ್ದೂ ಹೌದು. ಪ್ರಯೋಗಶಾಲೆಗಳ ಯಂತ್ರಗಳಿಗೆ ದಪ್ಪ ತುಂಡುಗಳನ್ನು ಎಳೆಯುವ ಶಕ್ತಿಯಿರಲಿಲ್ಲ. ಬೆಸೆದ ಕೂಡಿಕೆಗಳ ಬಗ್ಗೆ ಜಗತ್ತು ಕೂಡಿಹಾಕಿದ ಅಂಕಿಗಳಲ್ಲಿ ಬಹುಪಾಲು ಸುಮಾರು ಅರ್ಧ ಇಂಚಿನ ತಗಡುಗಳಿಂದ ಬಂದವು. ಆ ಅಂಕಿಗಳನ್ನೇ ನಿಯಮ ಪುಸ್ತಕಗಳು ಎಲ್ಲ ದಪ್ಪಗಳಿಗೂ ಅನ್ವಯಿಸಿಕೊಂಡವು. ಉತ್ತರ ಸಮುದ್ರದಲ್ಲಿ ತೈಲ ತೆಗೆಯಲು ಬಹಳ ದಪ್ಪದ ಉಕ್ಕಿನ ಕಟ್ಟಡಗಳು ನಿಂತು, ಅಲೆಗಳು ವರ್ಷಕ್ಕೆ ಲಕ್ಷಗಟ್ಟಲೆ ಸಲ ಹೊಡೆಯತೊಡಗಿದಾಗ ಸಂಶಯ ಬಂತು. 1979ರಲ್ಲಿ ಇಂಗ್ಲೆಂಡಿನ ಟಿ.ಆರ್. ಗರ್ನಿ ದಪ್ಪ ಹೆಚ್ಚಿದಂತೆ ಬೆಸೆದ ಕೂಡಿಕೆಯ ದಣಿವು ತಾಳುವ ಶಕ್ತಿ ಕುಗ್ಗುತ್ತದೆ ಎಂದು ವಾದಿಸಿ ಪ್ರಬಂಧ ಮಂಡಿಸಿದರು. ಮರುವರ್ಷ ಮಾರ್ಚ್ 27ರಂದು ಅಲೆಕ್ಸಾಂಡರ್ ಕೀಲಾಂಡ್ ಎಂಬ ತೇಲುವ ಕಟ್ಟಡ ಉರುಳಿ 123 ಜನ ಸತ್ತಾಗ, ಮೂಲ ಹುಡುಕಿದವರಿಗೆ ಸಿಕ್ಕಿದ್ದು ಒಂದು ಉಪಕರಣದ ಹಿಡಿಕೆಗೆ ಹಾಕಿದ್ದ 6 ಮಿಲಿಮೀಟರಿನ ಬೆಸುಗೆಯಿಂದ ಹೊರಟ ಬಿರುಕು. ಅದು ದಪ್ಪದ ತಪ್ಪಲ್ಲ. ಆದರೂ ಸಣ್ಣ ಬೆಸುಗೆಯ ಅಂಚಿನಿಂದ ದೊಡ್ಡ ಕಟ್ಟಡ ಬೀಳುತ್ತದೆ ಎಂಬುದನ್ನು ಯಾರೂ ಇನ್ನು ಅಲ್ಲಗಳೆಯುವಂತಿರಲಿಲ್ಲ. 1984ರಲ್ಲಿ ಬ್ರಿಟಿಷ್ ಸರ್ಕಾರದ ಸಮುದ್ರ ಕಟ್ಟಡಗಳ ಮಾರ್ಗಸೂಚಿಯಲ್ಲಿ ದಪ್ಪಕ್ಕೆ ತಕ್ಕಂತೆ ದಣಿವಿನ ಶಕ್ತಿಯ ಕಡಿತ ಸೇರಿತು.

ಕಡಿತ ಏಕೆ? ಮುಖ್ಯ ಕಾರಣ ಆಕಾರ. ತಗಡನ್ನು ನಾಲ್ಕು ಪಟ್ಟು ದಪ್ಪ ಮಾಡಬಹುದು, ಬೆಸುಗೆಯ ಅಂಚಿನ ಚೂಪನ್ನು ನಾಲ್ಕು ಪಟ್ಟು ದುಂಡಗೆ ಮಾಡಲಾಗುವುದಿಲ್ಲ. ಅದು ರಾಡು, ಕರೆಂಟು, ಕೈ ಮೂರೂ ಸೇರಿ ಆದದ್ದು, ತಗಡಿನ ದಪ್ಪವನ್ನು ಕೇಳುವುದಿಲ್ಲ. ದಪ್ಪ ತಗಡಿಗೆ ಹೋಲಿಸಿದರೆ ಅಂಚು ಇನ್ನೂ ಚೂಪಾಗುತ್ತದೆ, ಅಲ್ಲಿ ಎಳೆತ ಇನ್ನೂ ಹೆಚ್ಚು ಸೇರುತ್ತದೆ. ತೆಳು ತಗಡಿನಲ್ಲಿ ಈ ಹೆಚ್ಚಿದ ಎಳೆತ ಮೇಲ್ಮೈಯಿಂದ ಸ್ವಲ್ಪವೇ ಒಳಗೆ ಹೋಗುವಷ್ಟರಲ್ಲಿ ಇಳಿದುಹೋಗುತ್ತದೆ. ದಪ್ಪದ್ದರಲ್ಲಿ ಅದು ಆಳದವರೆಗೂ ಉಳಿಯುತ್ತದೆ. ಒಂದೇ ಅಳತೆಯ ಗಾಯ ತೆಳುವಿನಲ್ಲಿ ಬೇಗ ಹಗುರ ಪ್ರದೇಶಕ್ಕೆ ಬರುತ್ತದೆ, ದಪ್ಪದ್ದರಲ್ಲಿ ಬೆಳೆಯುವಷ್ಟು ಕಾಲವೂ ಬಿಗಿಯಲ್ಲೇ ಇರುತ್ತದೆ. ದಪ್ಪದ್ದರಲ್ಲಿ ಬೆಸುಗೆ ಹೆಚ್ಚು, ಹಾಗಾಗಿ ದೋಷ ಸಿಗುವ ಸಂಭವವೂ ಹೆಚ್ಚು, ಆರುವಾಗಿನ ಎಳೆತವೂ ಹೆಚ್ಚು. ಇವು ಜೊತೆಗೆ ಸೇರುತ್ತವೆ. ಉಕ್ಕಿನ ಕಟ್ಟಡಗಳಿಗೆ ನಮ್ಮ ದೇಶದ ನಿಯಮವಾದ ಐಎಸ್ 800, 2007ರ ಪರಿಷ್ಕರಣೆಯಲ್ಲಿ ಇದನ್ನು ಒಂದು ಸೂತ್ರವಾಗಿ ಕೊಟ್ಟಿದೆ: 25 ಮಿಲಿಮೀಟರಿಗಿಂತ ದಪ್ಪ ತಗಡಾದರೆ, 25ನ್ನು ಆ ದಪ್ಪದಿಂದ ಭಾಗಿಸಿ, ಬಂದದ್ದರ ವರ್ಗಮೂಲದ ವರ್ಗಮೂಲ ತೆಗೆದು, ದಣಿವಿನ ಶಕ್ತಿಯನ್ನು ಅದರಿಂದ ಗುಣಿಸಬೇಕು. 50 ಮಿಲಿಮೀಟರಿಗೆ ಇದು 0.84, 100ಕ್ಕೆ 0.71. ಆಯುಷ್ಯ ಎಳೆತದ ಘನಕ್ಕೆ ವಿಲೋಮವಾಗಿ ಹೋಗುವುದರಿಂದ, ಅದೇ ಎಳೆತದಲ್ಲಿ 50 ಮಿಲಿಮೀಟರ್ ಕೂಡಿಕೆಯ ಆಯುಷ್ಯ ಶೇ 60ಕ್ಕೆ, 100 ಮಿಲಿಮೀಟರಿನದು ಶೇ 35ರ ಆಸುಪಾಸಿಗೆ ಇಳಿಯುತ್ತದೆ.

ಇಲ್ಲಿ ಜಾಣ ಓದುಗರು ತಡೆಯಬಹುದು: ಅದೇ ಎಳೆತ ಏಕೆ? ತಗಡು ಎರಡು ಪಟ್ಟು ದಪ್ಪವಾದರೆ ಎಳೆತವೇ ಅರ್ಧವಾಗುವುದಿಲ್ಲವೆ? ಆಗುತ್ತದೆ, ಈ ಆಕ್ಷೇಪಕ್ಕೆ ನ್ಯಾಯವಿದೆ. ಹೊರುವ ಭಾರ ಬದಲಾಗದಿದ್ದರೆ 25ರ ಬದಲು 50 ಮಿಲಿಮೀಟರ್ ಹಾಕಿದಾಗ ಎಳೆತ ಅರ್ಧ, ಶಕ್ತಿ 0.84, ಒಟ್ಟು ಲಾಭ 1.68 ಪಟ್ಟು, ಆಯುಷ್ಯದಲ್ಲಿ ಸುಮಾರು ನಾಲ್ಕೂಮುಕ್ಕಾಲು ಪಟ್ಟು. ಹಳೆಯ ಲೆಕ್ಕ ಎಂಟು ಪಟ್ಟು ಎನ್ನುತ್ತಿತ್ತು. ಅಂದರೆ ದಪ್ಪದಿಂದ ಲಾಭ ಇದೆ, ನಂಬಿದಷ್ಟು ಇಲ್ಲ. ನಿಂತ ಭಾರಕ್ಕೆ ಈ ಚರ್ಚೆಯೇ ಬೇಡ. ಕಿಟಕಿಯ ಸರಳು, ಕಾಂಪೌಂಡಿನ ಗೇಟು, ನೀರಿನ ಟ್ಯಾಂಕಿನ ಕಾಲು, ಇವಕ್ಕೆಲ್ಲ ದಪ್ಪ ಒಳ್ಳೆಯದೇ. ಗಾಳಿಮಳೆಯ ತುಕ್ಕಿಗಂತೂ ದಪ್ಪವೇ ಮದ್ದು. ಚಾಮರಾಜಪೇಟೆಯ ಗಿರಾಕಿ ದಪ್ಪದ್ದೇ ಹಾಕಿ ಎಂದು ಹಟ ಹಿಡಿದರೆ ಅವನು ದಡ್ಡನಲ್ಲ. ಆದರೆ ಭಾರದ ಬದಲು ಬಾಗು ನಿಗದಿಯಾಗಿರುವ ಕಡೆ, ಅಂದರೆ ಗುಂಡಿಯ ರಸ್ತೆಯಲ್ಲಿ ತಿರುಚಿಕೊಳ್ಳುವ ಲಾರಿಯ ಚಾಸಿಯಲ್ಲಿ, ಬಸ್ಸಿನ ಮೈಯಲ್ಲಿ, ದಪ್ಪ ಹಾಕಿದಾಗ ಎಳೆತ ಇಳಿಯುವ ಬದಲು ಏರುತ್ತದೆ, ಮೇಲೆ ಬೆಸುಗೆಯ ಕಡಿತವೂ ಸೇರುತ್ತದೆ. ಬಿರುಕು ಬಿಟ್ಟ ಜಾಗಕ್ಕೆ ದಪ್ಪ ಪ್ಲೇಟು ಬಡಿದು ಸುತ್ತಲೂ ಬೆಸೆದರೆ ಕೆಲ ತಿಂಗಳಲ್ಲಿ ಆ ಪ್ಲೇಟಿನ ಅಂಚಿನಲ್ಲೇ ಹೊಸ ಬಿರುಕು ಬರುವುದು ಇದರಿಂದ.

ಗ್ಯಾರೇಜಿನವರಿಗೆ ಇದು ತಿಳಿಯದೆ ಹೋಗಲಿಲ್ಲ. ವೆಲ್ಡಿಂಗ್ ಎಲ್ಲವನ್ನೂ ಆಕ್ರಮಿಸಿಕೊಂಡ ಮೇಲೂ ಲಾರಿಯ ಚಾಸಿಯ ಉದ್ದ ಚಾನೆಲ್ಲುಗಳಿಗೆ ಅಡ್ಡ ತೊಲೆಗಳನ್ನು ಇಂದಿಗೂ ಬಹುತೇಕ ರಿವೆಟ್ ಅಥವಾ ಬೋಲ್ಟಿನಿಂದಲೇ ಕೂಡಿಸುತ್ತಾರೆ. ಮೇಲೆ ಕಟ್ಟುವ ಮೈಯನ್ನು ಚಾಸಿಗೆ ಬೆಸೆಯುವುದಿಲ್ಲ, ಯು-ಬೋಲ್ಟಿನಿಂದ ಬಿಗಿಯುತ್ತಾರೆ. ಪಾಟಾದ ಪಟ್ಟಿ ಮುರಿದರೆ ಬೆಸೆಯುವುದಿಲ್ಲ, ಬದಲಿಸುತ್ತಾರೆ. ಕಾರಣವನ್ನು ಸಮೀಕರಣದಲ್ಲಿ ಹೇಳದಿದ್ದರೂ ಬೆಸೆದದ್ದು ನಿಲ್ಲುವುದಿಲ್ಲ ಎಂಬ ಅನುಭವ ಆ ಕಸುಬಿನಲ್ಲಿ ಹರಳುಗಟ್ಟಿದೆ. ಹಾಗೆಂದು ಹಳೆಯ ಕಮ್ಮಾರರು ಎಲ್ಲ ತಿಳಿದ ಜ್ಞಾನಿಗಳು, ಎಂಜಿನಿಯರುಗಳು ಮರೆತರು ಎಂಬ ಕಥೆಯನ್ನು ನಾನು ಒಪ್ಪುವುದಿಲ್ಲ. ಪದರ ಹಾಕಿದ್ದು ಬಹುಮಟ್ಟಿಗೆ ಅನಿವಾರ್ಯದಿಂದ. ದಪ್ಪದ ಒಳ್ಳೆಯ ಉಕ್ಕು ಸಿಗುತ್ತಿರಲಿಲ್ಲ, ಸಿಕ್ಕರೂ ಒಳಗಿನವರೆಗೆ ಸಮನಾಗಿ ಹದ ಮಾಡುವ ಕುಲುಮೆ ಇರಲಿಲ್ಲ. ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕೊಡತೊಡಗಿದ್ದೇ 1923ರಲ್ಲಿ. ಅನಿವಾರ್ಯದಿಂದ ಹುಟ್ಟಿದ ರೂಢಿಗೆ ಒಂದು ಗುಣ ಅಡಗಿತ್ತು, ಅನಿವಾರ್ಯ ತಪ್ಪಿದಾಗ ಆ ಗುಣವೂ ಜಾರಿತು. ಕಸುಬಿನ ಚರಿತ್ರೆಯಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನಿಯಮ ಶುರುವಾಗುವುದು 25 ಮಿಲಿಮೀಟರಿಗೆ, ಜೆ.ಸಿ. ರಸ್ತೆ, ಎಸ್.ಜೆ.ಪಿ. ರಸ್ತೆಗಳ ಸುತ್ತಿನ ವೆಲ್ಡಿಂಗ್ ಶಾಪುಗಳು ಕೆಲಸ ಮಾಡುವುದು 16 ಗೇಜು, 18 ಗೇಜಿನ ತಗಡಿನಲ್ಲಿ, ಹೆಚ್ಚೆಂದರೆ 5 ಅಥವಾ 6 ಮಿಲಿಮೀಟರಿನ ಆಂಗಲ್ಲಿನಲ್ಲಿ. ಹಳೆಯ ಬೆಂಗಳೂರಿಗೂ ಈ ಸೂತ್ರಕ್ಕೂ ಏನು ಸಂಬಂಧ? ಲೋಹಕ್ಕೆ 25 ಎಂಬ ಗಡಿ ಗೊತ್ತಿಲ್ಲ ಎಂಬುದು ಮೊದಲ ಉತ್ತರ. ಅದಕ್ಕಿಂತ ತೆಳುವಾದಂತೆ ಶಕ್ತಿ ಏರುತ್ತಲೇ ಹೋಗುತ್ತದೆ, ನಿಯಮ ಪುಸ್ತಕ ಎಚ್ಚರಿಕೆಯಿಂದ ಆ ಲಾಭವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ. ಎರಡನೆಯ ಉತ್ತರ ಊರಿನ ಚರಿತ್ರೆಯಲ್ಲಿದೆ. ಲೋಹದ ದಣಿವನ್ನು ಬೆಂಗಳೂರಿನಷ್ಟು ಗಂಭೀರವಾಗಿ ಅಭ್ಯಸಿಸಿದ ಊರು ಭಾರತದಲ್ಲಿ ಮತ್ತೊಂದಿಲ್ಲವೇನೋ. ಮಲ್ಲೇಶ್ವರದ ಮಗ್ಗುಲಲ್ಲಿ 1911ರಿಂದ ತರಗತಿ ನಡೆಸುತ್ತಿರುವ ಭಾರತೀಯ ವಿಜ್ಞಾನ ಸಂಸ್ಥೆ 1942ರಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆಯಿತು.  1959ರಲ್ಲಿ ದೆಹಲಿಯಲ್ಲಿ ಹುಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಮರುವರ್ಷ ಬೆಂಗಳೂರಿಗೆ ಬಂದು, ಜಯಮಹಲಿನಲ್ಲಿ ಮೈಸೂರು ಅರಮನೆಯ ಕುದುರೆಲಾಯದಲ್ಲಿ ಬಿಡಾರ ಹೂಡಿತು. 1965ರಿಂದ ಸುಮಾರು ಎರಡು ದಶಕ ಅದರ ನಿರ್ದೇಶಕರಾಗಿದ್ದ ಎಸ್.ಆರ್. ವಲ್ಲೂರಿಯವರ ಸ್ವಂತ ಸಂಶೋಧನೆಯೇ ಲೋಹದ ದಣಿವಿನ ಮೇಲೆ. ಇಷ್ಟೆಲ್ಲ ಇದ್ದೂ ಬೆಸುಗೆಯ ದಪ್ಪದ ಪ್ರಶ್ನೆ ಇಲ್ಲಿ ಮೊದಲು ಏಳಲಿಲ್ಲ. ಏಳುವ ಹಾಗೂ ಇರಲಿಲ್ಲ. ವಿಮಾನವೆಂದರೆ ತೆಳು ಅಲ್ಯೂಮಿನಿಯಂ ತಗಡು, ಸಾವಿರಾರು ರಿವೆಟ್ಟು. 1951ರಲ್ಲಿ ಹಾರಿದ ಎಚ್‌ಎಎಲ್‌ನ ಎಚ್‌ಟಿ-2 ವಿಮಾನದ ಕಾಲ ಅದು. 1954ರಲ್ಲಿ ಕಾಮೆಟ್ ವಿಮಾನಗಳು ಆಕಾಶದಲ್ಲಿ ಒಡೆದಾಗ ಜಗತ್ತು ಕಲಿತ ಪಾಠವೂ ತೆಳು ತಗಡಿನದೇ. ಊರಿನ ಪ್ರಯೋಗಶಾಲೆ ತೆಳುವಿನಲ್ಲಿ, ಊರಿನ ವೆಲ್ಡಿಂಗ್ ಶಾಪೂ ತೆಳುವಿನಲ್ಲಿ. ದಪ್ಪದ ಬೆಸುಗೆ ಹಡಗುಕಟ್ಟೆಗಳ, ತೈಲ ಕಟ್ಟಡಗಳ, ದೊಡ್ಡ ಸೇತುವೆಗಳ ವ್ಯವಹಾರ; ಕಡಲಿಲ್ಲದ, ದೊಡ್ಡ ಹೊಳೆಯಿಲ್ಲದ ಊರಿಗೆ ಅದರ ಗೊಡವೆ ಇರಲಿಲ್ಲ.

ಆ ಪರಿಸ್ಥಿತಿ ಈಗ ಬದಲಾಗಿದೆ. ಮಲ್ಲೇಶ್ವರದ ಸಂಪಿಗೆ ರಸ್ತೆಗೆ 2014ರಲ್ಲಿ ಮೆಟ್ರೊ ಬಂತು. ಅದರ ಮಾರ್ಗ ಬಹುತೇಕ ಕಾಂಕ್ರೀಟು, ಆದರೆ ಗಾಡಿಯ ಚಕ್ರಗಳನ್ನು ಹಿಡಿದಿರುವ ಬೋಗಿ ಚೌಕಟ್ಟು ತಗಡುಗಳನ್ನು ಬೆಸೆದು ಮಾಡಿದ್ದು, ದಿನವೂ ಸಾವಿರಾರು ಸಲ ಅಲುಗುವಂಥದ್ದು. ಮಲ್ಲೇಶ್ವರಕ್ಕೆ ಹೋಗುವ ದಾರಿಯಲ್ಲಿ, ಶೇಷಾದ್ರಿಪುರದ ಬಳಿಯ ಶಿವಾನಂದ ವೃತ್ತದಲ್ಲಿ 2022ರಲ್ಲಿ ಉಕ್ಕಿನ ಮೇಲ್ಸೇತುವೆ ತೆರೆಯಿತು, ಸುಮಾರು ಅರ್ಧ ಕಿಲೋಮೀಟರ್ ಉದ್ದದ್ದು. ಅದಕ್ಕೂ ಮೊದಲು ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಇನ್ನೂ ದೊಡ್ಡ ಉಕ್ಕಿನ ಸೇತುವೆಯ ಯೋಜನೆಯನ್ನು ಜನ ವಿರೋಧಿಸಿ, 2017ರಲ್ಲಿ ಸರ್ಕಾರ ಕೈಬಿಟ್ಟಿತ್ತು. ಆ ಚಳವಳಿಯಲ್ಲಿ ಮರಗಳ ಮಾತು ಬಂತು, ದುಡ್ಡಿನ ಮಾತು ಬಂತು, ನ್ಯಾಯವಾಗಿಯೇ ಬಂತು. ಉಕ್ಕಿನ ಸೇತುವೆ ಹೇಗೆ ಮುಪ್ಪಾಗುತ್ತದೆ ಎಂಬ ಮಾತು ಹೆಚ್ಚಾಗಿ ಕೇಳಿಬರಲಿಲ್ಲ. ಕಾಂಕ್ರೀಟಿನ ಬಿರುಕು ನಡೆದುಹೋಗುವವನ ಕಣ್ಣಿಗೂ ಬೀಳುತ್ತದೆ. ಬೆಸುಗೆಯ ಅಂಚಿನ ಬಿರುಕು ಬಣ್ಣದ ಕೆಳಗೆ ಬೆಳೆಯುತ್ತದೆ, ಅದನ್ನು ಹುಡುಕಿ ನೋಡಬೇಕು: ಬಣ್ಣದ ದ್ರವ ಹಚ್ಚಿ, ಕಾಂತ ಹಿಡಿದು, ಶಬ್ದದ ಅಲೆ ಕಳಿಸಿ. ಕಟ್ಟುವಾಗಲೇ ಅಂಚನ್ನು ಉಜ್ಜಿ ನುಣುಪು ಮಾಡಿದರೆ ದಣಿವಿನ ಶಕ್ತಿ ಶೇ 30ರಷ್ಟು ಏರುತ್ತದೆಂದು ಅಂತರರಾಷ್ಟ್ರೀಯ ಬೆಸುಗೆ ಸಂಸ್ಥೆಯ ಶಿಫಾರಸುಗಳು ಒಪ್ಪುತ್ತವೆ. ದಪ್ಪದ ಕಡಿತವೂ ಆಗ ಕಡಿಮೆಯಾಗುತ್ತದೆ. ತಗಡನ್ನು ಇನ್ನಷ್ಟು ದಪ್ಪ ಮಾಡುವುದಕ್ಕಿಂತ ಒಂದು ಗ್ರೈಂಡರು ಹಿಡಿದ ಒಳ್ಳೆಯ ಕೈ ಅಗ್ಗ. ಉಕ್ಕಿನ ಸೇತುವೆ ಕಟ್ಟುವ ಪಾಲಿಕೆಯನ್ನು ಈ ಬಡಾವಣೆಗಳ ನಾಗರಿಕ ಸಂಘಗಳು ಎರಡು ಪ್ರಶ್ನೆ ಕೇಳಬೇಕು. ಎಷ್ಟು ಟನ್ ಉಕ್ಕು ಹಾಕಿದಿರಿ ಎಂಬುದು ಅವುಗಳಲ್ಲಿ ಒಂದಲ್ಲ. ಬೆಸುಗೆಯ ಅಂಚುಗಳನ್ನು ಹೇಗೆ ಮುಗಿಸಿದಿರಿ, ಅವುಗಳನ್ನು ಕೊನೆಯ ಸಲ ಪರೀಕ್ಷಿಸಿದ ವರದಿ ಎಲ್ಲಿದೆ? ಆ ವರದಿ ಕೇಳಿದ ಯಾವ ನಾಗರಿಕನಿಗಾದರೂ ಸಿಗುವಂತೆ ಪಾಲಿಕೆ ಮಾಡಬೇಕು.